ಸುಬಾರು ಸದ್ದು, ಗೋಕುಲ ರಸ್ತೆಯ ಪೈಪು

ಸದ್ದು ಕೇಳಿಯೇ ಹಿಂದೆ ಬರುತ್ತಿರುವ ಬೈಕು ಯಾವುದೆಂದು ಹೇಳುವ ಹುಡುಗರು ನಮ್ಮ ಕ್ಲಾಸಿನಲ್ಲಿ ಐದಾರು ಮಂದಿ ಇದ್ದಾರೆ. ಬುಲೆಟ್, ಆರ್‌ಎಕ್ಸ್ 100, ಡ್ಯೂಕ್ ಇವೆಲ್ಲ ಅವರಿಗೆ ನೀರು ಕುಡಿದಷ್ಟು ಸುಲಭ. ಕಾರಿನ ವಿಷಯಕ್ಕೆ ಬಂದರೆ ಮಾತ್ರ ಈ ಆಟ ನಡೆಯುವುದಿಲ್ಲ. ಈಗಿನ ಕಾರುಗಳೆಲ್ಲ ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಸುಯ್ಯೆನ್ನುತ್ತವೆ. ಅಪವಾದವೊಂದಿದೆ, ಜಪಾನಿನ ಸುಬಾರು. 1995ರಲ್ಲಿ ಕಾಲಿನ್ ಮೆಕ್‌ರೇ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು ಈ ಕಂಪನಿಯ ಇಂಪ್ರೆಜಾ ಕಾರಿನಲ್ಲಿ. ಆ ವಿಡಿಯೊ ನೋಡಿದವರಿಗೆ ಸದ್ದೂ ನೆನಪಿರುತ್ತದೆ. ಗುಡುಗುಡು, ಗುಡುಗುಡು ಎಂದು ಒಂದು ಕಾಲು ಕುಂಟುತ್ತ ಓಡಿದ ಹಾಗೆ. ಆ ಕುಂಟು ಎಲ್ಲಿಂದ ಬರುತ್ತದೆ ಎಂದು ಕಳೆದ ಜುಲೈವರೆಗೆ ನಾನು ವಿಚಾರ ಮಾಡಿರಲಿಲ್ಲ. ವಿಚಾರ ಮಾಡುವಂತೆ ಮಾಡಿದ್ದು ನನ್ನ ದೊಡ್ಡಪ್ಪನ ಮಗ.

ಅಣ್ಣ ಬೆಳೆದದ್ದು ಧಾರವಾಡದ ಸಪ್ತಾಪುರದಲ್ಲಿ, ಈಗ ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಅಲ್ಲಿ ಸೆಕೆಂಡ್‌ಹ್ಯಾಂಡ್‌ನಲ್ಲಿ 2018ರ ಮಾಡೆಲ್ಲಿನ ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಕೊಂಡಿದ್ದಾನೆ. 2457 ಸಿ.ಸಿ., ಟರ್ಬೊ, 305 ಅಶ್ವಶಕ್ತಿ. ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿ, 'ತಮ್ಮಾ, ನೀ ಮೆಕ್ಯಾನಿಕಲ್ ಓದಾಕತ್ತೀ ಹೌದಿಲ್ಲೊ? ನನ್ನ ಗಾಡಿಗೆ ಹೆಡರ್ ಬದಲಿ ಮಾಡಬೇಕಂತ ಮಾಡೇನಿ. ಯಾವುದು ಹಾಕಿಸಲಿ ಹೇಳು' ಅಂದ. 'ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲೇನು' ಎಂದು ಮದುವೆ ಮನೆಯಲ್ಲಿ ಕೇಳಿಸಿಕೊಂಡು ರೂಢಿಯಾಗಿರುವ ನನಗೆ, ಮೆಕ್ಯಾನಿಕಲ್ ಎಂಬ ಕಾರಣಕ್ಕೇ ಬಂದ ಮೊದಲ ಫೋನ್ ಅದು. ನಾನಿನ್ನೂ ಐದನೇ ಸೆಮಿಸ್ಟರ್. ಆದರೂ ಒಂದು ವಾರ ಟೈಮ್ ಕೊಡು ಅಂದೆ.

ಹೆಡರ್ ಎಂದರೆ ಎಂಜಿನ್ನಿನ ಸಿಲಿಂಡರುಗಳಿಂದ ಸುಟ್ಟ ಅನಿಲ ಹೊರಬೀಳುವಲ್ಲಿ ಇರುವ ಮೊದಲ ಪೈಪುಗಳ ಗುಂಪು. ನಾವು ಸೈಲೆನ್ಸರ್ ಎನ್ನುವುದು ಕಾರಿನ ಬಾಲ, ಹೆಡರ್ ಅದರ ಕೊರಳು. ಅಣ್ಣನಿಗೆ ಇದ್ದದ್ದು ಎರಡು ದೂರು. ಟರ್ಬೊ ಎತ್ತಿಕೊಳ್ಳುವುದು ಮೊದಲಿಗಿಂತ ತಡವಾಗುತ್ತಿದೆ. ಬೆಳಿಗ್ಗೆ ಚಾಲೂ ಮಾಡಿದಾಗ ಟಿಕ್ ಟಿಕ್ ಎನ್ನುತ್ತದೆ, ಬಿಸಿಯಾದ ಮೇಲೆ ಆ ಸದ್ದು ನಿಲ್ಲುತ್ತದೆ. ಅವನ ಗೆಳೆಯರೆಲ್ಲ 'ಈಕ್ವಲ್ ಲೆಂಗ್ತ್' ಹೆಡರ್ ಹಾಕಿಸು, ಎಲ್ಲ ಸರಿಹೋಗುತ್ತದೆ ಎಂದಿದ್ದರು. ಅಲ್ಲಿ ಅದರ ಬೆಲೆ ಐದಾರು ನೂರು ಡಾಲರಿನಿಂದ ಒಂದೂವರೆ ಸಾವಿರ ಡಾಲರ್‌ವರೆಗೆ. ಮೇಲೆ ಕೂಲಿ, ಮತ್ತೆ ಟ್ಯೂನಿಂಗ್. ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿ ದಾಟುವ ಬಾಬತ್ತು. ಅದಕ್ಕೇ ಅವನ ತಲೆಯಲ್ಲಿ ಇನ್ನೊಂದು ಯೋಜನೆಯೂ ಇತ್ತು. 'ದೀಪಾವಳಿಗೆ ಊರಿಗೆ ಬರ್ತೀನಿ. ನಮ್ಮ ಗೋಕುಲ ರೋಡಿನ್ಯಾಗ ಸ್ಟೇನ್‌ಲೆಸ್ ವೆಲ್ಡಿಂಗ್ ಮಾಡೋರು ಬೇಕಾದಷ್ಟ ಮಂದಿ ಅದಾರ. ಅಲ್ಲೇ ಮಾಡಿಸಿ ಬ್ಯಾಗಿನ್ಯಾಗ ಹಾಕ್ಕೊಂಡು ಬಂದ್ರಾತು.'

ಮೊದಲು ಬಾಕ್ಸರ್ ಎಂಜಿನ್ ಕಣ್ಣಾರೆ ನೋಡಬೇಕಿತ್ತು. ನಮ್ಮ ಲ್ಯಾಬಿನಲ್ಲಿರುವ ಕತ್ತರಿಸಿಟ್ಟ ಎಂಜಿನ್ನುಗಳೆಲ್ಲ ಸಾಲು ಎಂಜಿನ್ನುಗಳು, ನಾಲ್ಕೂ ಸಿಲಿಂಡರ್ ಒಂದೇ ಸಾಲಿನಲ್ಲಿ ನಿಂತವು. ಬಾಕ್ಸರಿನಲ್ಲಿ ಎರಡು ಸಿಲಿಂಡರ್ ಎಡಕ್ಕೆ, ಎರಡು ಬಲಕ್ಕೆ ಮಲಗಿರುತ್ತವೆ. ಎದುರುಬದುರು ಪಿಸ್ಟನ್‌ಗಳು ಒಟ್ಟಿಗೇ ಹೊರಹೋಗಿ ಒಟ್ಟಿಗೇ ಒಳಬರುತ್ತವೆ, ಪಂದ್ಯಕ್ಕೆ ಮೊದಲು ಕೈಗವಸು ತಟ್ಟಿಕೊಳ್ಳುವ ಬಾಕ್ಸರುಗಳ ಹಾಗೆ. 1966ರ ಸುಬಾರು 1000 ಕಾರಿನಿಂದ ಹಿಡಿದು ಆ ಕಂಪನಿ ಈ ವಿನ್ಯಾಸವನ್ನು ಬಿಟ್ಟಿಲ್ಲ. ಭಾರತದಲ್ಲಿ ಸುಬಾರು ಹೆಸರಿನ ಶೋರೂಮ್ ಕಂಡವರಿಲ್ಲ. ಆದರೆ 2004ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ಸುಬಾರು ಫಾರೆಸ್ಟರ್ ಕಾರನ್ನೇ ತರಿಸಿ ಷೆವರ್ಲೆ ಫಾರೆಸ್ಟರ್ ಎಂದು ಇಲ್ಲಿ ಮಾರಿತ್ತು. ಸುಬಾರು ಕಾರು ತಯಾರಿಸುತ್ತಿದ್ದ ಫುಜಿ ಹೆವಿ ಇಂಡಸ್ಟ್ರೀಸ್‌ನಲ್ಲಿ ಆಗ ಜನರಲ್ ಮೋಟಾರ್ಸ್‌ಗೆ ಪಾಲಿತ್ತು, 2005ರಲ್ಲಿ ಅದನ್ನು ಮಾರಿಕೊಂಡಿತು. 2017ರ ಕೊನೆಗೆ ಷೆವರ್ಲೆಯೇ ನಮ್ಮ ದೇಶದಲ್ಲಿ ಮಾರಾಟ ನಿಲ್ಲಿಸಿತು. ಹಾಗೆ ತಾಯಿ ತಂದೆ ಇಬ್ಬರೂ ಇಲ್ಲದಂತೆ ಉಳಿದ ಒಂದು ಫಾರೆಸ್ಟರ್ ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಕ್ಲಚ್ ಕೆಲಸಕ್ಕೆ ಬಂದು ನಿಂತಿದೆ ಎಂದು ಗೆಳೆಯನೊಬ್ಬ ಹೇಳಿದ. ಚಿಗರಿ ಬಸ್ ಹತ್ತಿ ಹೋದೆ.

ಅದು ಟರ್ಬೊ ಇಲ್ಲದ ಎರಡು ಲೀಟರ್ ಎಂಜಿನ್. ಪರವಾಗಿಲ್ಲ, ಮೈಕಟ್ಟು ಅದೇ. ಲಿಫ್ಟಿನ ಮೇಲಿದ್ದ ಕಾರಿನ ಕೆಳಗೆ ನಿಂತು ನೋಡಿದಾಗ ಪುಸ್ತಕದ ಚಿತ್ರದಲ್ಲಿ ಹೊಳೆಯದಿದ್ದ ಸಂಗತಿ ಒಂದೇ ನೋಟಕ್ಕೆ ಹೊಳೆಯಿತು. ಸಾಲು ಎಂಜಿನ್ನಿನಲ್ಲಿ ನಾಲ್ಕು ಹೊಗೆಬಾಯಿಗಳೂ ಒಂದೇ ಪಕ್ಕದಲ್ಲಿ ಒತ್ತೊತ್ತಾಗಿರುತ್ತವೆ. ಇಲ್ಲಿ ಎರಡು ಬಾಯಿ ಈ ಕಡೆ, ಎರಡು ಆ ಕಡೆ, ನಡುವೆ ಇಡೀ ಎಂಜಿನ್. ಎರಡು ಕಡೆಯ ಪೈಪುಗಳು ಎಂಜಿನ್ನಿನ ಹೊಟ್ಟೆಯ ಕೆಳಗೆ ತೂರಿ ಬಂದು ಕೂಡಬೇಕು. ಗ್ಯಾರೇಜಿನ ಮಾಮಾ ಟಾರ್ಚ್ ಹಿಡಿದು, 'ಧಾರವಾಡದಾವ್ರು, ಹುಬ್ಬಳ್ಳಿಯಾವ್ರು ಇಬ್ರೂ ನವಲೂರಿನ್ಯಾಗ ಬಂದು ಕೂಡಿದಂಗ ನೋಡು' ಅಂದರು.

ಈ ಫಾರೆಸ್ಟರಿನಲ್ಲಿ ಕೂಡುವ ಜಾಗ ನಡುವೆಯೇ ಇದೆ. ಅಣ್ಣನ ಎಸ್‌ಟಿಐನಲ್ಲಿ ಹಾಗಲ್ಲ. ಅದರ ಟರ್ಬೊ ಎಂಜಿನ್ನಿನ ಬಲಭಾಗದ ಹಿಂದೆ, ಮೇಲುಗಡೆ ಕೂತಿದೆ. ಬಲಗಡೆಯ 1 ಮತ್ತು 3ನೇ ಸಿಲಿಂಡರಿಗೆ ಅದು ಪಕ್ಕದ ಓಣಿ. ಎಡಗಡೆಯ 2 ಮತ್ತು 4ನೇ ಸಿಲಿಂಡರಿನ ಅನಿಲ ಎಂಜಿನ್ ಅಡಿಯಿಂದ ದಾಟಿ ಬರಬೇಕು. ಅಂದರೆ ಎರಡು ಪೈಪು ಗಿಡ್ಡ, ಎರಡು ಪೈಪು ಉದ್ದ. ಇದೇ 'ಅನ್‌ಈಕ್ವಲ್ ಲೆಂಗ್ತ್' ಹೆಡರ್, ಕಂಪನಿಯೇ ಹಾಕಿ ಕಳಿಸಿದ್ದು. ಆ ಪ್ರಸಿದ್ಧ ಗುಡುಗುಡು ಸದ್ದಿನ ತವರು ಕೂಡ ಇದೇ.

ಹೇಗೆ ಎಂದು ಹಾಳೆಯ ಮೇಲೆ ಲೆಕ್ಕ ಹಾಕಿದೆ. ಈ ಎಂಜಿನ್ನಿನ ಫೈರಿಂಗ್ ಆರ್ಡರ್ 1-3-2-4. ಅಂದರೆ ಬಲ, ಬಲ, ಎಡ, ಎಡ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ 10 ಮಿಲಿಸೆಕೆಂಡಿಗೆ ಒಂದು ಸಿಲಿಂಡರ್ ಹೊಗೆ ಉಗುಳುತ್ತದೆ, ಗಡಿಯಾರದಷ್ಟು ಕರಾರುವಾಕ್ಕಾಗಿ. ಎಂಜಿನ್ನಿನಲ್ಲಿ ಯಾವ ಕುಂಟೂ ಇಲ್ಲ. ಹೊರಬಿದ್ದ ಒತ್ತಡದ ಅಲೆ ಬಿಸಿ ಅನಿಲದಲ್ಲಿ ಶಬ್ದದ ವೇಗದಲ್ಲಿ ಓಡುತ್ತದೆ. 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 640 ಮೀಟರ್. ಎಡಗಡೆಯ ದಾರಿ ಅರ್ಧ ಮೀಟರ್ ಹೆಚ್ಚು ಎಂದು ಇಟ್ಟುಕೊಂಡರೆ ಆ ಅಲೆ 0.8 ಮಿಲಿಸೆಕೆಂಡ್ ತಡವಾಗಿ ಟರ್ಬೊ ಮುಟ್ಟುತ್ತದೆ. ಆಗ ಟರ್ಬೊ ಬಾಗಿಲಲ್ಲಿ ನಿಂತು ಎಣಿಸಿದರೆ ನಡುವಿನ ಅಂತರಗಳು 10, 10.8, 10, 9.2. ಒಂದು ಸ್ವಲ್ಪ ಹಿಗ್ಗಿತು, ಒಂದು ಸ್ವಲ್ಪ ಕುಗ್ಗಿತು. ಸಮವಾಗಿ ಬಂದಿದ್ದರೆ ಕಿವಿಗೆ ಸೆಕೆಂಡಿಗೆ 100 ಬಡಿತದ ಒಂದು ನುಣುಪಾದ ಸ್ವರ ಕೇಳುತ್ತಿತ್ತು. ಈಗ ನಾಲ್ಕು ಬಡಿತದ ಒಂದು ಪದರು ಮತ್ತೆ ಮತ್ತೆ ಮರಳುವುದರಿಂದ ಸೆಕೆಂಡಿಗೆ 25ರ ಒಂದು ಕೆಳದನಿ ಜೊತೆಗೆ ಸೇರಿಕೊಳ್ಳುತ್ತದೆ. ಉದ್ದ ಪೈಪಿನಲ್ಲಿ ಬಂದ ಅಲೆ ದಾರಿಯಲ್ಲಿ ಸೊರಗಿರುವುದರಿಂದ ಬಡಿತಗಳ ಗಟ್ಟಿತನದಲ್ಲೂ ವ್ಯತ್ಯಾಸ ಬರುತ್ತದೆ. ತಬಲಾ ಕಲಿಯುವ ನನ್ನ ತಂಗಿಗೆ ಇದನ್ನು ಹೇಳಿದರೆ, 'ಲಯ ತಪ್ಪೇತಿ ಅನ್ನಲ್ಲ, ಇಷ್ಟುದ್ದ ಯಾಕ ಹೇಳ್ತಿ' ಅಂದಳು.

ಅಂದರೆ ಲಕ್ಷಾಂತರ ಜನ ಮರುಳಾದ ಆ ಸದ್ದು ಯಾರೋ ಕೂತು ಶ್ರುತಿ ಮಾಡಿದ್ದಲ್ಲ. ಪೈಪಿಗೆ ಜಾಗ ಹೊಂದಿಸುವಾಗ ಉಳಿದುಹೋದ ಒಂದು ಓರೆ. ಈಕ್ವಲ್ ಲೆಂಗ್ತ್ ಹೆಡರ್ ಹಾಕಿದರೆ ಅದು ಹೋಗುತ್ತದೆ. ಇದು ನನ್ನ ಊಹೆಯಲ್ಲ, ಸುಬಾರುವೇ ಮಾಡಿ ತೋರಿಸಿದೆ. ಎಸ್‌ಟಿಐ ಅಲ್ಲದ ಮಾಮೂಲಿ ಡಬ್ಲ್ಯುಆರ್‌ಎಕ್ಸ್‌ಗೆ 2015ರ ಮಾಡೆಲ್‌ನಿಂದ ಎರಡು ಲೀಟರಿನ ಹೊಸ ಎಂಜಿನ್ ಬಂತು. ಅದರಲ್ಲಿ ಟರ್ಬೊವನ್ನು ಎಂಜಿನ್ನಿನ ಕೆಳಗೆ ಮುಂಭಾಗಕ್ಕೆ ತಂದು, ಪೈಪುಗಳನ್ನು ಸಮ ಮಾಡಿದರು. ಟರ್ಬೊ ಬೇಗ ಎತ್ತಿಕೊಂಡಿತು, ಗುಡುಗುಡು ಮಾಯವಾಯಿತು. ಹಳೆಯ ಅಭಿಮಾನಿಗಳು ಇವತ್ತಿಗೂ ಅದಕ್ಕೆ ಮುನಿಸಿಕೊಂಡೇ ಇದ್ದಾರೆ.

ಇನ್ನು ಶಕ್ತಿಯ ಮಾತು. ಹೆಡರ್ ಬಗ್ಗೆ ನಮ್ಮ ಹುಡುಗರ ಬಾಯಲ್ಲಿ ಓಡಾಡುವ ಜ್ಞಾನದ ಬಹುಪಾಲು ಟರ್ಬೊ ಇಲ್ಲದ ಎಂಜಿನ್ನುಗಳದ್ದು. ಅಲ್ಲಿ ಪೈಪಿನ ಉದ್ದವನ್ನು ಸರಿಯಾಗಿ ಅಳೆದು ಮಾಡಿದರೆ, ವಾಪಸ್ ಬರುವ ಕಡಿಮೆ ಒತ್ತಡದ ಅಲೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದುಕೊಂಡು ಹೋಗುತ್ತದೆ, ಹೊಸ ಗಾಳಿಗೆ ಜಾಗ ಆಗುತ್ತದೆ. ಟರ್ಬೊ ಕಾರಿನಲ್ಲಿ ಪೈಪಿನ ತುದಿಯಲ್ಲಿ ಒಂದು ಚಕ್ರ ಕಾಯುತ್ತ ಕೂತಿರುತ್ತದೆ. ಅದನ್ನು ತಿರುಗಿಸುವುದು ಅನಿಲದ ಬಿಸಿ ಮತ್ತು ಬಡಿತ. ಆದ್ದರಿಂದ ಇಲ್ಲಿ ಒಳ್ಳೆಯ ಹೆಡರ್ ಎಂದರೆ ಬಿಸಿ ಕಳೆದುಕೊಳ್ಳದ, ಒಳಗೆ ಅನಗತ್ಯ ಖಾಲಿ ಜಾಗ ಇಲ್ಲದ, ಒಂದು ಸಿಲಿಂಡರಿನ ಹೊಡೆತ ಇನ್ನೊಂದರ ಬಾಯಿಗೆ ನುಗ್ಗದಂತೆ ನೋಡಿಕೊಳ್ಳುವ ಹೆಡರ್. ಪೈಪು ದಪ್ಪ ಇದ್ದಷ್ಟೂ ಒಳ್ಳೆಯದು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ದೊಡ್ಡ ಪೈಪಿನಲ್ಲಿ ಬಡಿತ ಹರಡಿ ಸತ್ತುಹೋಗುತ್ತದೆ.

ಈಕ್ವಲ್ ಲೆಂಗ್ತ್ ಎಂಬ ಹೆಸರಿನಲ್ಲೇ ಒಂದು ಮೋಸವಿದೆ ಎಂದು ನನಗನ್ನಿಸಿದ್ದು ಈ ಹಂತದಲ್ಲಿ. ಎಸ್‌ಟಿಐನಲ್ಲಿ ಟರ್ಬೊ ಬಲಕ್ಕೇ ಕೂತಿರುವಾಗ ಎಡಗಡೆಯ ದಾರಿಯನ್ನು ಗಿಡ್ಡ ಮಾಡಲು ಬರುವುದಿಲ್ಲ. ಸಮ ಮಾಡಬೇಕೆಂದರೆ ಬಲಗಡೆಯ ಪೈಪನ್ನೇ ಸುತ್ತಿಸಿ ಉದ್ದ ಮಾಡಬೇಕು. ಪಕ್ಕದ ಮನೆಯವನನ್ನು ಊರೆಲ್ಲ ಸುತ್ತಿಸಿ ಕರೆತಂದ ಹಾಗೆ. ಬಡಿತಗಳು ಲಯಕ್ಕೆ ಬರುತ್ತವೆ, ಅದು ನಿಜವಾದ ಲಾಭ. ಆದರೆ ಪೈಪು ಹೆಚ್ಚಾದಷ್ಟೂ ಬಿಸಿ ಸೋರುತ್ತದೆ, ತುಂಬಬೇಕಾದ ಜಾಗವೂ ಹೆಚ್ಚುತ್ತದೆ. ಪೂರ್ತಿ ಲಾಭ ಬೇಕಿದ್ದರೆ ಟ್ವಿನ್ ಸ್ಕ್ರೋಲ್ ಟರ್ಬೊ ಬೇಕು. ಅದಕ್ಕೆ ಎರಡು ಬಾಗಿಲು. 1 ಮತ್ತು 2ನೇ ಸಿಲಿಂಡರ್ ಒಂದು ಬಾಗಿಲಿಗೆ, 3 ಮತ್ತು 4 ಇನ್ನೊಂದಕ್ಕೆ. ಆಗ ಒಂದು ಬಾಗಿಲಿಗೆ ಬರುವ ಎರಡು ಹೊಡೆತಗಳ ನಡುವೆ ಒಂದು ಪೂರ್ತಿ ಸುತ್ತಿನ ಬಿಡುವು. ಜಪಾನಿನಲ್ಲೇ ಮಾರಿದ ಕೆಲವು ಎಸ್‌ಟಿಐಗಳಲ್ಲಿ ಇದೇ ವ್ಯವಸ್ಥೆ ಇತ್ತು. ಅಣ್ಣನ ಅಮೆರಿಕನ್ ಕಾರಿನ ಟರ್ಬೊಗೆ ಒಂದೇ ಬಾಗಿಲು. ಹೆಡರ್ ಒಂದನ್ನೇ ಬದಲಿಸಿ ಅದರಿಂದ ಅಷ್ಟನ್ನೂ ನಿರೀಕ್ಷಿಸುವುದು, ಒಂದು ಎತ್ತಿಗೆ ಮಾತ್ರ ಹಿಂಡಿ ಹಾಕಿ ಜೋಡಿ ಬೇಸಾಯ ಮಾಡಿದ ಹಾಗೆ. ಇದರ ಮೇಲೆ ಇನ್ನೊಂದು ತೊಡಕು. ಹರಿವು ಬದಲಾದರೆ ಬೂಸ್ಟ್ ಏರುವ ರೀತಿ ಬದಲಾಗುತ್ತದೆ, ಎಂಜಿನ್ನಿನ ಕಂಪ್ಯೂಟರಿನಲ್ಲಿರುವ ಹಳೆಯ ಲೆಕ್ಕ ಹೊಂದುವುದಿಲ್ಲ. ಈ 2.5 ಲೀಟರ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯುವ ತೊಂದರೆ ಹೆಸರುವಾಸಿ. ಟ್ಯೂನ್ ಮಾಡಿಸದೆ ಬೂಸ್ಟ್ ಜೊತೆ ಆಟ ಆಡುವುದು ಅಣ್ಣನಿಗೆ ಬೇಡವಾದ ಖರ್ಚನ್ನು ತರಬಹುದಿತ್ತು.

ಆದರೂ ಗೋಕುಲ ರಸ್ತೆಗೆ ಹೋಗಿ ಕೇಳಿ ಬರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹುಬ್ಬಳ್ಳಿಯ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ತೈಲ ಶುದ್ಧೀಕರಣ, ರಾಸಾಯನಿಕ ಕಾರ್ಖಾನೆಗಳಿಗೆ ಬೇಕಾಗುವ ದೊಡ್ಡ ದೊಡ್ಡ ವಾಲ್ವ್‌ಗಳು ನಮ್ಮ ಊರಿನಲ್ಲಿ ತಯಾರಾಗುತ್ತವೆ. ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಪ್ರದೇಶಗಳಲ್ಲಿ ಟಿಗ್ ವೆಲ್ಡಿಂಗ್ ಬಲ್ಲ ಕೈಗಳಿಗೆ ಬರವಿಲ್ಲ. ನನಗೆ ಸಿಕ್ಕವರು ವಾಲ್ವ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ದುಡಿದು ಈಗ ಸ್ವಂತ ಶೆಡ್ ಹಾಕಿಕೊಂಡಿರುವ ಹಿರಿಯರು. ಅಣ್ಣ ಕಳಿಸಿದ ಫೋಟೊಗಳನ್ನು ಕನ್ನಡಕ ಏರಿಸಿ ನೋಡಿದರು. ಬೆಲೆ ಹೇಳುತ್ತಾರೆಂದು ಕಾದರೆ ಪ್ರಶ್ನೆ ಕೇಳಿದರು, 'ಎಷ್ಟು ಬಿಸಿ ಆಗ್ತದ?'

ಒಳಗಿನ ಅನಿಲ 800-900 ಡಿಗ್ರಿ ಮುಟ್ಟಬಹುದು ಅಂದೆ.

'ಹಂಗಾದ್ರ ಪೈಪ್ ಮಾಡೂದು ದೊಡ್ಡ ಮಾತಲ್ಲ ತಮ್ಮಾ. ಕಾದ ಮ್ಯಾಲೆ ಅದು ಎಲ್ಲಿ ಸರಿತದ ಅನ್ನೂದು ದೊಡ್ಡ ಮಾತು.'

ಅಲ್ಲೇ ಮೊಬೈಲಿನಲ್ಲಿ ಲೆಕ್ಕ ಮಾಡಿದೆ. ಸ್ಟೇನ್‌ಲೆಸ್ ಸ್ಟೀಲ್ 304ರ ಒಂದು ಮೀಟರ್ ಪೈಪು 700 ಡಿಗ್ರಿ ಹೆಚ್ಚು ಬಿಸಿಯಾದರೆ 12 ಮಿಲಿಮೀಟರಿಗಿಂತ ಕಡಿಮೆಯಿಲ್ಲದಂತೆ ಹಿಗ್ಗುತ್ತದೆ. ಬೆರಳಿನಷ್ಟು ಅಗಲ! ಒಂದು ತುದಿ ಎಂಜಿನ್ನಿಗೆ ಬೋಲ್ಟ್ ಆಗಿದೆ, ಇನ್ನೊಂದು ತುದಿ ಟರ್ಬೊ ಕಡೆಗೆ. ಹಿಗ್ಗಿದ್ದು ಎಲ್ಲಿಗೆ ಹೋಗಬೇಕು? ಬಾಗುವಿನಲ್ಲಿ ಮಣಿಯಬೇಕು, ಇಲ್ಲವೇ ಬೆಲ್ಲೋಸ್ ಹಾಕಿರಬೇಕು. ಎರಡೂ ಇಲ್ಲದಿದ್ದರೆ ಫ್ಲೇಂಜ್ ಪಕ್ಕದ ವೆಲ್ಡ್ ಬಿರುಕು ಬಿಡುತ್ತದೆ. ಉದ್ದ ಗಿಡ್ಡ ಪೈಪುಗಳು ಒಂದೇ ಕಡೆ ಸೇರಿದರೆ ಒಂದು ಹೆಚ್ಚು ಹಿಗ್ಗುತ್ತದೆ, ಒಂದು ಕಡಿಮೆ. ಮೆಟೀರಿಯಲ್ ಸೈನ್ಸ್‌ನಲ್ಲಿ ಹತ್ತು ಮಾರ್ಕಿಗೆ ಓದಿ ಮರೆತ ಇನ್ನೊಂದು ಸಂಗತಿಯನ್ನೂ ಅವರೇ ನೆನಪಿಸಿದರು. 304 ಸ್ಟೀಲನ್ನು ಸುಮಾರು 425ರಿಂದ 850 ಡಿಗ್ರಿಯ ನಡುವೆ ಬಹಳ ಹೊತ್ತು ಇಟ್ಟರೆ ಅದರ ಕ್ರೋಮಿಯಂ ಇಂಗಾಲದ ಜೊತೆ ಸೇರಿ ಹರಳುಗಳ ಅಂಚಿನಲ್ಲಿ ಕೂತುಬಿಡುತ್ತದೆ, ಲೋಹ ಅಲ್ಲಿ ತುಕ್ಕಿಗೆ ಬಾಯಿ ತೆರೆಯುತ್ತದೆ. 321 ಎಂಬ ಜಾತಿಯಲ್ಲಿ ಟೈಟಾನಿಯಂ ಬೆರೆಸಿ ಇದನ್ನು ತಡೆಯುತ್ತಾರೆ. ಅವರು ಇದನ್ನು ಹೇಳಿದ್ದು ಮೂರೇ ಮಾತಿನಲ್ಲಿ: '304 ಬ್ಯಾಡ, 321 ಹಾಕು.' ಒಳಗಡೆ ಆರ್ಗಾನ್ ತುಂಬಿಸದೆ ವೆಲ್ಡ್ ಮಾಡಿದರೆ ಪೈಪಿನ ಒಳಮೈಯಲ್ಲಿ ಸಕ್ಕರೆಯಂತೆ ಕಪ್ಪು ಹರಳು ಏಳುತ್ತದೆ, ಅದು ಉದುರಿದರೆ ನೇರ ಹೋಗಿ ಬಡಿಯುವುದು ಟರ್ಬೊ ಚಕ್ರಕ್ಕೆ. ಹೀಗೆ ವೆಲ್ಡ್ ಆದ ಒಂದು ತುಂಡನ್ನು ಕತ್ತರಿಸಿ ತೋರಿಸಿದರು. ಮೇಲಿನಿಂದ ಬೆಳ್ಳಿಯ ಬಳೆ, ಒಳಗೆ ಸುಟ್ಟ ರೊಟ್ಟಿ.

ಮಾಡಿಕೊಡಬಲ್ಲಿರಾ ಎಂದೆ. ಗಾಡಿ ಇಲ್ಲಿ ತಂದು ನಿಲ್ಲಿಸಿದರೆ ಅಳತೆ ತೆಗೆದುಕೊಂಡು, ಜಿಗ್ ಮಾಡಿ, ಖಂಡಿತ ಮಾಡುತ್ತೇನೆ ಎಂದರು. ಫೋಟೊ ನೋಡಿ ಮಾಡುವುದಿಲ್ಲ. ನನಗೆ ಆ ಮಾತು ಬಹಳ ಹಿಡಿಸಿತು.

ಕ್ಯಾಲಿಫೋರ್ನಿಯಾದ ಕಾನೂನು ನೋಡಿದ ಮೇಲೆ ಆ ದಾರಿ ಹೇಗೂ ಮುಚ್ಚಿತು. ಅಲ್ಲಿ ಏರ್ ರಿಸೋರ್ಸಸ್ ಬೋರ್ಡ್ ಎಂಬ ಸರ್ಕಾರಿ ಸಂಸ್ಥೆ ಇದೆ, ಜನ ಕಾರ್ಬ್ ಎನ್ನುತ್ತಾರೆ. ಹೊಗೆಗೆ ಸಂಬಂಧಿಸಿದ ಬದಲಿ ಭಾಗವನ್ನು ರಸ್ತೆ ಕಾರಿಗೆ ಹಾಕಬೇಕಾದರೆ ಆ ಭಾಗಕ್ಕೆ ಕಾರ್ಬ್ ಕೊಟ್ಟ ಎಕ್ಸಿಕ್ಯುಟಿವ್ ಆರ್ಡರ್ ನಂಬರ್ ಇರಬೇಕು. ಆ ನಂಬರು ಯಾವ ಕಂಪನಿಯ ಯಾವ ಭಾಗ, ಯಾವ ಕಾರಿಗೆ ಎಂದು ಹೆಸರಿಸಿ ಕೊಟ್ಟದ್ದು. ಅಲ್ಲಿನ ಸ್ಮಾಗ್ ತಪಾಸಣೆಯಲ್ಲಿ ಹೊಗೆ ಅಳೆಯುವುದಷ್ಟೇ ಅಲ್ಲ, ಬಾನೆಟ್ ಎತ್ತಿ ಕಣ್ಣಿನಿಂದಲೂ ನೋಡುತ್ತಾರೆ. ಹುಬ್ಬಳ್ಳಿಯಲ್ಲಿ ಎಷ್ಟೇ ಚಂದ ಮಾಡಿಸಿದರೂ ಅದಕ್ಕೆ ನಂಬರ್ ಎಲ್ಲಿಂದ ತರುವುದು?

ನಮ್ಮಲ್ಲಿ ಕಾನೂನು ಸಡಿಲ ಎಂದುಕೊಳ್ಳುವವರಿಗಾಗಿ ಇದನ್ನೂ ಬರೆಯುತ್ತೇನೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ(4) ಕಲಮಿನ ಪ್ರಕಾರ, ಅನುಮತಿ ಇಲ್ಲದೆ ವಾಹನದಲ್ಲಿ ಮಾಡಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕರ್ಕಶ ಸದ್ದಿಗೆ 190(2)ನೇ ಕಲಮು ಬೇರೆ ಇದೆ, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ. ವಿದ್ಯಾನಗರದಲ್ಲಿ ರಾತ್ರಿ ಹನ್ನೊಂದಕ್ಕೆ ಪಟಾಕಿ ಹೊಡೆಯುತ್ತ ಹೋಗುವ ಬುಲೆಟ್ ಸವಾರರು ನಮ್ಮ ಹಾಸ್ಟೆಲ್ ಗೆಳೆಯರೇ ಆಗಿರುವುದರಿಂದ ಇಷ್ಟಕ್ಕೇ ಬಿಡುತ್ತೇನೆ. ಇಲ್ಲಿನ ಟರ್ಬೊ ಕಾರಿಗೆ ಹೆಡರ್ ಹಾಕಿಸುವ ಕನಸಿದ್ದವರು ಇನ್ನೊಂದನ್ನು ತಿಳಿದಿರಲಿ. ಪೋಲೊ, ಟೈಗುನ್, ಸ್ಲಾವಿಯಾಗಳಲ್ಲಿ ಬಂದ ಒಂದು ಲೀಟರ್ ಟಿಎಸ್‌ಐ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಸಿಲಿಂಡರ್ ಹೆಡ್ಡಿನ ಒಳಗೇ ಎರಕ ಹೊಯ್ದುಬಿಟ್ಟಿದ್ದಾರೆ, ಸುತ್ತ ಕೂಲಂಟ್ ನೀರು ಓಡುತ್ತದೆ. ಎಂಜಿನ್ ಬೇಗ ಬಿಸಿಯಾಗುತ್ತದೆ, ಹೊಗೆ ಮಿತಿಮೀರಿ ಕಾಯುವುದಿಲ್ಲ. ಬಿಚ್ಚಿ ಬದಲಿಸಲು ಅಲ್ಲಿ ಹೆಡರೇ ಇಲ್ಲ.

ಇಷ್ಟೆಲ್ಲ ಆದರೂ ಅಣ್ಣನ ಎರಡು ದೂರುಗಳಿಗೆ ಉತ್ತರ ಸಿಕ್ಕಿರಲಿಲ್ಲ. ತಣ್ಣಗಿದ್ದಾಗ ಟಿಕ್ ಟಿಕ್, ಬಿಸಿಯಾದ ಮೇಲೆ ಮೌನ. ವೆಲ್ಡಿಂಗ್ ಶೆಡ್ಡಿನಿಂದ ವಾಪಸ್ ಬರುವಾಗ, ಚಿಗರಿ ಬಸ್ಸಿನಲ್ಲಿ, ಆ 12 ಮಿಲಿಮೀಟರ್ ತಲೆಯಲ್ಲೇ ಕೂತಿತ್ತು. ಲೋಹ ಕಾದು ಹಿಗ್ಗಿದಾಗ ಮುಚ್ಚಿಕೊಳ್ಳುವ ಸಂದಿಯೊಂದು ಎಲ್ಲೋ ಇದ್ದರೆ? ಟರ್ಬೊಗಿಂತ ಮೊದಲೇ ಅನಿಲ ಸೋರಿದರೆ ಚಕ್ರಕ್ಕೆ ತಲುಪಬೇಕಾದ ಬಡಿತ ದಾರಿಯಲ್ಲೇ ಖರ್ಚಾಗುತ್ತದೆ, ಎತ್ತಿಕೊಳ್ಳುವುದು ತಡವಾಗುತ್ತದೆ. ಎರಡೂ ದೂರಿಗೆ ಒಂದೇ ಕಾರಣ ಇರಬಹುದು.

ಅವತ್ತು ರಾತ್ರಿ ಅಣ್ಣನಿಗೆ ಹೇಳಿದೆ, 'ಅಣ್ಣಾ, ಹೆಡರ್ ಆಮ್ಯಾಲೆ ನೋಡೂಣು. ಮೊದಲು ಗಾಡಿ ಪೂರ್ತಿ ತಣ್ಣಗಾದಾಗ ಜಾಯಿಂಟ್‌ಗಳ ಹತ್ರ ಕರಿ ಮಸಿ ಹತ್ತೇತೇನು ನೋಡು.' ಪರೀಕ್ಷಿಸುವ ಸುಲಭದ ದಾರಿಯನ್ನೂ ಹೇಳಿದೆ. ವ್ಯಾಕ್ಯೂಮ್ ಕ್ಲೀನರನ್ನು ಗಾಳಿ ಊದುವ ಹಾಗೆ ತಿರುಗಿಸಿ ಹಿಂದಿನ ಸೈಲೆನ್ಸರ್ ಬಾಯಿಗೆ ಹಿಡಿಯುವುದು, ಜಾಯಿಂಟ್‌ಗಳ ಮೇಲೆ ಸೋಪಿನ ನೀರು ಚಿಮುಕಿಸುವುದು. ಗುಳ್ಳೆ ಎದ್ದಲ್ಲಿ ಸೋರಿಕೆ. ಪಂಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದುವುದೂ ಇದೇ ತತ್ವ. ಅಣ್ಣ ನಕ್ಕ. ಮರುದಿನ ನಗಲಿಲ್ಲ. ಹೆಡರ್ ಪೈಪು ಟರ್ಬೊ ಕಡೆಗೆ ಏರುವ ಅಪ್‌ಪೈಪನ್ನು ಸೇರುವ ಜಾಗದಲ್ಲಿ ಗುಳ್ಳೆ ಎದ್ದ ವಿಡಿಯೊ ಕಳಿಸಿದ.

ಗ್ಯಾಸ್ಕೆಟ್ ಒಂದು ಅಂಚಿನಲ್ಲಿ ಸುಟ್ಟು ಹೋಗಿತ್ತು. ಹೊಸ ಗ್ಯಾಸ್ಕೆಟ್, ಹೊಸ ನಟ್ಟುಗಳು, ಅಲ್ಲಿನ ಮೆಕ್ಯಾನಿಕ್‌ನ ಎರಡು ತಾಸಿನ ಕೂಲಿ. ಹೆಡರಿನ ಬೆಲೆಯ ಮುಂದೆ ಅದು ಚಿಲ್ಲರೆ. ಟಿಕ್ ಟಿಕ್ ಹೋಯಿತು. ಟರ್ಬೊ ಮೊದಲಿನ ಹಾಗೆ ಎತ್ತಿಕೊಳ್ಳುತ್ತಿದೆ ಎಂದ. ಈಗ ಹೇಳು, ಈಕ್ವಲ್ ಲೆಂಗ್ತ್ ಹಾಕಿಸಲೋ ಬೇಡವೋ ಎಂದು ಮತ್ತೆ ಕೇಳಿದ. ಹೆಡರಿನ ಹುಚ್ಚು ಒಂದು ಗ್ಯಾಸ್ಕೆಟ್ಟಿಗೆ ಬಿಡುವುದಿಲ್ಲ.

ನಾನು ಒಂದೇ ಮಾತು ಕೇಳಿದೆ. ಅಷ್ಟು ಕಾರುಗಳಿರುವ ಊರಿನಲ್ಲಿ ಇದನ್ನೇ ಯಾಕೆ ಕೊಂಡೆ? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸೌಂಡ್' ಅಂದ. ಟ್ರ್ಯಾಕಿಗೆ ಹೋಗುವವನಾಗಿದ್ದರೆ, ಟರ್ಬೊವನ್ನೂ ಬದಲಿಸುವವನಾಗಿದ್ದರೆ ನಾನೇ ಸಮ ಉದ್ದದ ಪೈಪು ಹಾಕಿಸು ಎನ್ನುತ್ತಿದ್ದೆ, ಕಾರ್ಬ್ ನಂಬರ್ ಇರುವುದನ್ನೇ ಹುಡುಕಿಕೊಡುತ್ತಿದ್ದೆ. ಇವನು ಆಫೀಸಿಗೆ ಹೋಗುವವನು, ಶನಿವಾರ ಘಾಟಿಯಲ್ಲಿ ಒಂದು ಸುತ್ತು ಹಾಕುವವನು. ಯಾವುದಕ್ಕಾಗಿ ಕಾರು ಕೊಂಡನೋ ಅದನ್ನೇ ಕಳೆದುಕೊಳ್ಳಲು ಒಂದು ಲಕ್ಷ ಕೊಡುವುದು ನನಗೆ ಸರಿ ಕಾಣಲಿಲ್ಲ. ಹಾಗಂತ ಹೇಳಿದೆ. ಆ ದುಡ್ಡು ಸದ್ಯ ಅವನ ಬ್ಯಾಂಕಿನಲ್ಲೇ ಇದೆ.

ದೀಪಾವಳಿಗೆ ಬಂದಾಗ ಅಣ್ಣ ನನಗೆ ಒಂದು ಜಾಕೆಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆ ಹಳೆಯ ಗ್ಯಾಸ್ಕೆಟ್ಟು ತಂದಿದ್ದ. ಎರಡನೆಯದು ನಾನೇ ಕೇಳಿಕೊಂಡದ್ದು. ಇಬ್ಬರೂ ಸ್ಕೂಟರ್ ಮೇಲೆ ಗೋಕುಲ ರಸ್ತೆಯ ಶೆಡ್ಡಿಗೆ ಹೋದೆವು. ನಾನೀಗ ಅಲ್ಲಿಗೆ ಶನಿವಾರ ಮಧ್ಯಾಹ್ನ ಟಿಗ್ ಕಲಿಯಲು ಹೋಗುತ್ತೇನೆ, ಇನ್ನೂ ಸಪಾಟು ತಗಡಿನ ಮೇಲೆ ನೇರ ಗೆರೆ ಎಳೆಯುವ ಹಂತ. ಹಿರಿಯರು ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದು, ಮಸಿ ಹತ್ತಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, 'ಇದರ ನಟ್ಟು ಒಂದ ಕಡೆಯಿಂದ ಬಿಗಿದಾರ ನೋಡು. ಎದುರುಬದುರು ಬಿಗೀಬೇಕಿತ್ತು' ಅಂದರು. ಆಮೇಲೆ ಅಣ್ಣನ ಕಡೆ ತಿರುಗಿ ಕೇಳಿದರು, 'ಹೊಸಾದು ಹಾಕುವಾಗ ಹೆಂಗ ಬಿಗಿದ್ರು, ನೋಡಿದ್ರೇನು?'

ಅಣ್ಣ ಫೋನ್ ತೆಗೆದು ತನ್ನ ಮೆಕ್ಯಾನಿಕ್‌ಗೆ ಮೆಸೇಜ್ ಟೈಪ್ ಮಾಡತೊಡಗಿದ.